ಉದ್ರಿಯಲ್ಲಿ ಮುಳುಗಿದ ಕಾಮಿಕ್ಸ್ ಕಂಪನಿ: ಓದುಗರ ಪ್ರಶ್ನೆಗಳು

ಅಮೆರಿಕದ ಸ್ಯಾನ್ ಡಿಯಾಗೊ ಊರಿನ ಪೆಸಿಫಿಕ್ ಕಾಮಿಕ್ಸ್ 1981ರಲ್ಲಿ ತನ್ನ ಮೊದಲ ಬಣ್ಣದ ಕಾಮಿಕ್ಸ್ ತಂದು, 1984ರಲ್ಲಿ ಬಾಗಿಲು ಹಾಕಿತು. ಅದರ ಏಳುಬೀಳಿನ ಬಗ್ಗೆ, ಅಲ್ಲಿಂದ ಹೊರಟು ಇಲ್ಲಿಯ ಕಾಮಿಕ್ಸ್ ಪ್ರಕಟಣೆಯ ಬಗ್ಗೆಯೂ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಪೆಸಿಫಿಕ್‌ಗಿಂತ ಮೊದಲೇ ಅಮೆರಿಕದಲ್ಲಿ ಸಣ್ಣ ಪ್ರಕಾಶಕರಿದ್ದರು. ಮೂರೇ ವರ್ಷ ಬದುಕಿದ ಈ ಕಂಪನಿಗೆ ಯಾಕಿಷ್ಟು ಮಹತ್ವ? (ದಾವಣಗೆರೆಯ ಓದುಗರು)

ಇದ್ದರು, ನಿಜ. ‘ಸೆರೆಬಸ್’ 1977ರಲ್ಲಿ, ‘ಎಲ್ಫ್‌ಕ್ವೆಸ್ಟ್’ 1978ರಲ್ಲಿ ಶುರುವಾಗಿದ್ದವು. ಅವು ಕಪ್ಪು-ಬಿಳುಪಿನವು, ಒಬ್ಬಿಬ್ಬರು ಮನೆಯಲ್ಲೇ ಕೂತು ನಡೆಸುತ್ತಿದ್ದವು. ಪೆಸಿಫಿಕ್ ಮಾಡಿದ್ದು ಬೇರೆ. ಅಮೆರಿಕದ ಎರಡು ದೊಡ್ಡ ಕಾಮಿಕ್ಸ್ ಕಂಪನಿಗಳಾದ ಮಾರ್ವೆಲ್ ಮತ್ತು ಡಿಸಿ ತರುತ್ತಿದ್ದಂಥದೇ ಬಣ್ಣದ ಕಾಮಿಕ್ಸ್, ಅಲ್ಲಿಯ ಹೆಸರಾಂತ ಕಲಾವಿದರದೇ ಕೈಯಿಂದ. ಆದರೆ ಪಾತ್ರದ ಹಕ್ಕು ಕಲಾವಿದನದೇ, ಮಾರಾಟದ ಮೇಲೆ ರಾಯಲ್ಟಿಯೂ ಉಂಟು.

ಇದು ಎಷ್ಟು ದೊಡ್ಡ ಮಾತು ಎಂದು ತಿಳಿಯಬೇಕಾದರೆ ಹಳೆಯ ಪದ್ಧತಿ ಗೊತ್ತಿರಬೇಕು. 1938ರಲ್ಲಿ ಸೀಗಲ್ ಮತ್ತು ಶೂಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಅಲ್ಲಿಂದ ಮುಂದೆ ನಾಲ್ಕು ದಶಕ ನಡೆದದ್ದು ಅದೇ ಲೆಕ್ಕ: ಪುಟಕ್ಕಿಷ್ಟು ಕೂಲಿ, ಮಿಕ್ಕಿದ್ದೆಲ್ಲ ಕಂಪನಿಯದು. ಮಾರ್ವೆಲ್‌ನ ಅರ್ಧ ಲೋಕವನ್ನು ಕಟ್ಟಿದ ಜ್ಯಾಕ್ ಕರ್ಬಿಗೂ ಇದೇ ಗತಿ. ಆ ಕರ್ಬಿಯ ‘ಕ್ಯಾಪ್ಟನ್ ವಿಕ್ಟರಿ’ಯನ್ನೇ ಪೆಸಿಫಿಕ್ ತನ್ನ ಮೊದಲ ಪುಸ್ತಕವಾಗಿ ತಂದಿತು. ಮುಖಪುಟದ ಮೇಲೆ 1981ರ ನವೆಂಬರ್ ಎಂದಿದೆ. ಬೆಲೆ ಒಂದು ಡಾಲರ್. ಮಾರ್ವೆಲ್‌ನ ಕಾಮಿಕ್ಸಿಗೆ ಆಗ 50 ಸೆಂಟು. ದುಪ್ಪಟ್ಟು ಬೆಲೆಗೂ ಜನ ಕೊಳ್ಳುತ್ತಾರೆಂದು ತೋರಿಸಿದ್ದೇ ಮೊದಲ ಆಘಾತ.

ಕಂಪನಿ ಕಟ್ಟಿದವರು ಸ್ಟೀವ್ ಮತ್ತು ಬಿಲ್ ಶೇನ್ಸ್ ಎಂಬ ಅಣ್ಣತಮ್ಮಂದಿರು. 1971ರಲ್ಲಿ, ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಅಂಚೆಯಲ್ಲಿ ಹಳೆಯ ಕಾಮಿಕ್ಸ್ ಮಾರುವುದರಿಂದ ಶುರು ಮಾಡಿದರು. ಆಮೇಲೆ ಅಂಗಡಿ, ಆಮೇಲೆ ಬೇರೆ ಅಂಗಡಿಗಳಿಗೆ ಸಗಟು ವಿತರಣೆ, ಕೊನೆಗೆ ಪ್ರಕಟಣೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ವ್ಯಾಪಾರ. ಬಿದ್ದದ್ದೂ ಆ ಮೆಟ್ಟಿಲುಗಳಲ್ಲೇ ಒಂದನ್ನು ಎಡವಿ. ಅದನ್ನು ಮುಂದೆ ನೋಡೋಣ.

ಪ್ರಶ್ನೆ: ‘ಡೈರೆಕ್ಟ್ ಮಾರ್ಕೆಟ್’ ಎಂದು ಎಲ್ಲ ಕಡೆ ಓದುತ್ತೇನೆ. ಪೇಪರ್ ಅಂಗಡಿಯಲ್ಲಿ ಮಾರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? (ಹುಬ್ಬಳ್ಳಿಯ ಓದುಗರು)

ವ್ಯತ್ಯಾಸ ಒಂದೇ: ಉಳಿದ ಪ್ರತಿ ಯಾರ ತಲೆಗೆ ಎಂಬುದು.

ಪೇಪರ್ ಅಂಗಡಿಯ ಪದ್ಧತಿಯಲ್ಲಿ ಮಾರದೆ ಉಳಿದದ್ದನ್ನು ವಾಪಸ್ ಕೊಡಬಹುದು. ಇಡೀ ಪುಸ್ತಕ ಕಳಿಸುವ ಖರ್ಚು ದಂಡವೆಂದು ಮೊದಲು ಮುಖಪುಟದ ಮೇಲ್ಭಾಗವನ್ನಷ್ಟೇ ಕತ್ತರಿಸಿ ಕಳಿಸುತ್ತಿದ್ದರು. ಆಮೇಲೆ ‘ಇಷ್ಟು ಪ್ರತಿ ನಾಶಮಾಡಿದ್ದೇವೆ’ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು ಎಂದಾಯಿತು. ಹಾಗೆ ನಾಶವಾಯಿತೆಂದ ಪ್ರತಿಗಳು ಹಿಂಬಾಗಿಲಿನಿಂದ ಮಾರಾಟವಾಗುತ್ತಿದ್ದ ದೂರು ಆ ಕಾಲದ್ದೇ. ಅಚ್ಚಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸಾಗುವುದು ಮಾಮೂಲು. ಹತ್ತು ಮಾರಬೇಕೆಂದರೆ ಇಪ್ಪತ್ತೈದು ಅಚ್ಚು ಹಾಕಬೇಕು. ಇಂಥ ಕಡೆ ಸಣ್ಣ ಪ್ರಕಾಶಕ ಕಾಲಿಡುವ ಮಾತೇ ಇಲ್ಲ.

ಫಿಲ್ ಸೂಲಿಂಗ್ ಎಂಬ ನ್ಯೂಯಾರ್ಕಿನ ಮೇಷ್ಟರು ಕಾಮಿಕ್ಸ್ ಮೇಳಗಳನ್ನು ನಡೆಸುತ್ತಿದ್ದರು. 1970ರ ದಶಕದ ಮೊದಲಲ್ಲಿ ದೊಡ್ಡ ಪ್ರಕಾಶಕರ ಮುಂದೆ ಅವರು ಒಂದು ಕರಾರು ಇಟ್ಟರು: ನಾವು ವಾಪಸ್ ಕೊಡುವುದಿಲ್ಲ, ಬದಲಿಗೆ ಹೆಚ್ಚು ಕಮಿಷನ್ ಕೊಡಿ, ನಮಗೆ ಬೇಕಾದ ಸಂಖ್ಯೆಯನ್ನು ನಾವೇ ಮುಂಚಿತವಾಗಿ ಹೇಳುತ್ತೇವೆ. ಇದೇ ಡೈರೆಕ್ಟ್ ಮಾರ್ಕೆಟ್. ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಬೆಳೆದದ್ದು ಈ ಕರಾರಿನ ಮೇಲೆ. ಉಳಿದ ಪ್ರತಿ ಅಂಗಡಿಯಲ್ಲೇ ಹಳೆಯ ಸಂಚಿಕೆಯಾಗಿ ಕೂತು ಮುಂದೊಂದು ದಿನ ಹೆಚ್ಚು ಬೆಲೆಗೆ ಹೋದೀತು ಎಂಬ ನಂಬಿಕೆಯೂ ಜೊತೆಗಿತ್ತು.

ಪ್ರಕಾಶಕನಿಗೆ ಇದರ ಲಾಭ ಲೆಕ್ಕದಲ್ಲಿ ಕಾಣುತ್ತದೆ. ಈ ಅಂಕಿಗಳು ಪೆಸಿಫಿಕ್‌ನ ಖಾತೆಪುಸ್ತಕದವಲ್ಲ, ಪದ್ಧತಿ ತಿಳಿಯಲೆಂದು ನಾವು ಹಾಕಿಕೊಂಡ ಮಾದರಿ. ಪುಸ್ತಕಕ್ಕೆ 1 ಡಾಲರ್ ಬೆಲೆ. ಪ್ರಕಾಶಕ ವಿತರಕನಿಗೆ ಶೇ 60 ಕಳೆದು ಕೊಡುತ್ತಾನೆ, ಅಂದರೆ ಕೈಗೆ ಬರುವುದು 40 ಸೆಂಟು. ವಿತರಕ ಅದನ್ನು ಅಂಗಡಿಗೆ 50-55 ಸೆಂಟಿಗೆ ಕೊಡುತ್ತಾನೆ. 40,000 ಪ್ರತಿಗೆ ಆರ್ಡರ್ ಬಂತು ಎನ್ನಿ: ಪ್ರಕಾಶಕನಿಗೆ 16,000 ಡಾಲರ್. ಅಚ್ಚಿಗೆ ಪ್ರತಿಗೆ 12 ಸೆಂಟಿನಂತೆ 4,800. ಕಥೆ, ಪೆನ್ಸಿಲ್, ಇಂಕ್, ಅಕ್ಷರ, ಬಣ್ಣ ಎಲ್ಲ ಸೇರಿ ಪುಟಕ್ಕೆ 200ರಂತೆ 28 ಪುಟಕ್ಕೆ 5,600. ಬಣ್ಣ ಬೇರ್ಪಡಿಸಿ ಫಿಲ್ಮ್ ಮಾಡಲು 2,500. ಒಟ್ಟು 12,900. ಉಳಿದದ್ದು 3,100 ಡಾಲರ್.

ಈಗ ಆರ್ಡರ್ 20,000ಕ್ಕೆ ಇಳಿಯಿತು ಎನ್ನಿ. ಬರುವುದು 8,000. ಪುಟಗಳ ಕೂಲಿ ಮತ್ತು ಫಿಲ್ಮ್ ಖರ್ಚು ಒಂದು ಪೈಸೆಯೂ ಇಳಿಯದು, ಅದೇ 8,100. ಅಚ್ಚಿನ ದರ ಪ್ರತಿಗೆ 15 ಸೆಂಟಿಗೆ ಏರುತ್ತದೆ, ಯಾಕೆಂದರೆ ಪ್ಲೇಟು ಮಾಡುವ, ಯಂತ್ರ ಹೊಂದಿಸುವ ಖರ್ಚು ಕಡಿಮೆ ಪ್ರತಿಗಳ ಮೇಲೆ ಹಂಚಿಹೋಗುತ್ತದೆ, 3,000. ಒಟ್ಟು 11,100. ಅಷ್ಟೇ 3,100 ಡಾಲರ್, ಈ ಸಲ ನಷ್ಟ. ಮಾರಾಟ ಅರ್ಧವಾದರೆ ಲಾಭ ಅರ್ಧವಾಗುವುದಿಲ್ಲ, ಲಾಭವಿದ್ದಷ್ಟೇ ಹಳ್ಳ ಬೀಳುತ್ತದೆ. ಗುಮಾಸ್ತರ ಸಂಬಳ, ಬಾಡಿಗೆ, ಅಂಚೆ ಇನ್ನೂ ಇದರಲ್ಲಿ ಸೇರಿಲ್ಲ.

ಪ್ರಶ್ನೆ: ಪುಸ್ತಕಗಳು ಚೆನ್ನಾಗಿದ್ದವು, ಮಾರಾಟವೂ ಇತ್ತು ಅನ್ನುತ್ತಾರೆ. ಮತ್ತೆ ದಿವಾಳಿ ಎದ್ದದ್ದು ಹೇಗೆ? (ಮೈಸೂರಿನ ಓದುಗರು)

ನಮ್ಮ ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ಹಾಕಿರುತ್ತಾರಲ್ಲ, ಪೆಸಿಫಿಕ್‌ನ ಗೋಡೆಗೆ ಅದನ್ನು ತೂಗುಹಾಕುವವರು ಇರಲಿಲ್ಲ.

ಹಣ ಹೋಗುವ ದಿನ, ಬರುವ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಜನವರಿಯಲ್ಲಿ ಕಲಾವಿದ ಪೆನ್ಸಿಲ್ ಹಿಡಿಯುತ್ತಾನೆ, ಪುಟಗಳು ಬಂದಂತೆ ಅವನಿಗೆ ಹಣ ಕೊಡಬೇಕು. ಮಾರ್ಚಿನಲ್ಲಿ ಅಂಗಡಿಗಳಿಗೆ ಆರ್ಡರ್ ಫಾರಂ ಹೋಗುತ್ತದೆ. ಏಪ್ರಿಲಿನಲ್ಲಿ ಒಟ್ಟು ಸಂಖ್ಯೆ ಸಿಗುತ್ತದೆ, ಮೇನಲ್ಲಿ ಅಚ್ಚು, ಸಾಗಣೆ. ಅಂಗಡಿಯವನಿಗೆ 30 ದಿನದ ವಾಯಿದೆ, ಜೂನಿನಲ್ಲಿ ಅವನು ಕೊಡಬೇಕು. ಅದು ಪ್ರಕಾಶಕನ ಕೈ ಸೇರುವಾಗ ಜುಲೈ. ಆರು ತಿಂಗಳು ಒಂದು ಸಂಚಿಕೆಗೆ. ತಿಂಗಳಿಗೆ ನಾಲ್ಕೈದು ಶೀರ್ಷಿಕೆ ನಡೆಸುವವನ ಹಣ ಯಾವ ಹೊತ್ತಿಗೂ ಇಪ್ಪತ್ತು-ಮೂವತ್ತು ಸಂಚಿಕೆಗಳಲ್ಲಿ ಸಿಕ್ಕಿಕೊಂಡಿರುತ್ತದೆ.

ಪೆಸಿಫಿಕ್ ತಾನೇ ವಿತರಕ ಕೂಡ. ಹಾಗಾಗಿ ನಡುವಿನ ಕಮಿಷನ್ ಉಳಿಯಿತು, ಲಾಭ ಹೆಚ್ಚಾಯಿತು ಎಂದು ಕಾಗದದ ಮೇಲೆ ಕಾಣುತ್ತದೆ. ನಿಜಕ್ಕೂ ಆದದ್ದು ಬೇರೆ. ವಿತರಕನಾಗಿ ಅದು ತನ್ನ ಪುಸ್ತಕಗಳ ಜೊತೆ ಮಾರ್ವೆಲ್ ಮತ್ತು ಡಿಸಿಯ ಪುಸ್ತಕಗಳನ್ನೂ ಅಂಗಡಿಗಳಿಗೆ ಉದ್ರಿಯಲ್ಲಿ ಕೊಡುತ್ತಿತ್ತು. ಅಂಗಡಿಗಳು ಬಹುಪಾಲು ಕಾಮಿಕ್ಸ್ ಹುಚ್ಚಿನ ಹುಡುಗರು ತೆರೆದವು. ಪುಸ್ತಕದ ಜ್ಞಾನ ಬಹಳ, ಖಾತೆಪುಸ್ತಕದ ಜ್ಞಾನ ಕಡಿಮೆ. ಅವರು ವಾಯಿದೆ ತಪ್ಪಿಸಿದಾಗ ಏನಾಗುತ್ತದೆ? ದೊಡ್ಡ ಪ್ರಕಾಶಕರಿಗೆ ಕೊಡಬೇಕಾದದ್ದನ್ನು ತಡೆಹಿಡಿಯುವಂತಿಲ್ಲ, ತಡೆದರೆ ಮುಂದಿನ ತಿಂಗಳ ಮಾಲೇ ಬಾರದು, ಮಾಲಿಲ್ಲದಿದ್ದರೆ ಅಂಗಡಿ ಬೇರೆ ವಿತರಕನ ಹತ್ತಿರ ಹೋಗುತ್ತದೆ. ಹಾಗಾಗಿ ಪ್ರಕಟಣೆಯ ಗಲ್ಲಾದಿಂದ ತೆಗೆದು ವಿತರಣೆಯ ಸಾಲ ತೀರಿಸಬೇಕು. ಇತ್ತ ಕಲಾವಿದರೂ ಮುದ್ರಕರೂ ಕಾಯುತ್ತಿರುತ್ತಾರೆ. ಎರಡು ವ್ಯಾಪಾರವಿದೆ, ಒಂದು ಕೈಕೊಟ್ಟರೆ ಇನ್ನೊಂದಿದೆ ಎಂದು ಹೊರಗಿನವರಿಗೆ ಅನಿಸುತ್ತದೆ. ಇದ್ದದ್ದು ಒಂದೇ ಜೇಬು, ಅದಕ್ಕೆ ಎರಡು ತೂತು.

ಅಂಗಡಿಗಳು ಯಾಕೆ ವಾಯಿದೆ ತಪ್ಪಿಸಿದವು ಎಂಬುದಕ್ಕೆ ಪುಸ್ತಕಗಳು ತಡವಾದದ್ದೂ ಒಂದು ಕಾರಣ. ನೀಲ್ ಆಡಮ್ಸ್ ಅವರ ‘ಮಿಸ್ ಮಿಸ್ಟಿಕ್’ ನೋಡಿ. ಮೊದಲ ಸಂಚಿಕೆಯ ಮೇಲೆ 1982ರ ಅಕ್ಟೋಬರ್ ಎಂದಿದೆ, ಎರಡನೆಯದರ ಮೇಲೆ 1984ರ ಫೆಬ್ರವರಿ. ನಡುವೆ ಹದಿನಾರು ತಿಂಗಳು! ಅಷ್ಟು ಹೊತ್ತಿಗೆ ಮೊದಲ ಸಂಚಿಕೆ ಕೊಂಡ ಹುಡುಗನ ಧ್ವನಿ ಒಡೆದು, ಮೀಸೆ ಚಿಗುರಿ, ಆಸಕ್ತಿ ಬೇರೆ ಕಡೆ ತಿರುಗಿರುತ್ತದೆ. ಆದರೆ ಅಂಗಡಿಯವನು ಆರ್ಡರ್ ಕೊಟ್ಟಾಗಿದೆ, ವಾಪಸ್ ಕೊಡುವಂತಿಲ್ಲ. ಬಂದದ್ದು ಕಪಾಟಿನಲ್ಲಿ ಕೂರುತ್ತದೆ. ಕಪಾಟಿನಲ್ಲಿ ಕೂತ ಹಣದಿಂದ ಯಾರ ಬಿಲ್ಲೂ ಚುಕ್ತಾ ಆಗದು.

ಹಕ್ಕು ಕಲಾವಿದನದು ಎಂಬ ಒಳ್ಳೆಯ ನೀತಿಗೆ ಈ ಒಂದು ಬೆಲೆ ಇತ್ತು ಎನ್ನಲೇಬೇಕು. ಮಾರ್ವೆಲ್‌ನಲ್ಲಿ ಒಬ್ಬ ತಡ ಮಾಡಿದರೆ ಸಂಪಾದಕ ಅದೇ ಪಾತ್ರವನ್ನು ಇನ್ನೊಬ್ಬನ ಕೈಗೆ ಕೊಟ್ಟು ತಾರೀಖು ಉಳಿಸಿಕೊಳ್ಳುತ್ತಾನೆ. ಪಾತ್ರ ಕಲಾವಿದನದೇ ಆದಾಗ ಕಾಯದೆ ವಿಧಿಯಿಲ್ಲ. ಇದಕ್ಕೆ ಮದ್ದು ಇಲ್ಲದಿಲ್ಲ: ಮೂರು ಸಂಚಿಕೆ ಪೂರ್ತಿ ಕೈಗೆ ಬಂದ ಮೇಲೆ ಮೊದಲನೆಯದಕ್ಕೆ ಆರ್ಡರ್ ಕೇಳುವುದು. ಆದರೆ ಮೂರು ಸಂಚಿಕೆಯ ಕೂಲಿಯನ್ನು ಮುಂಗಡ ಹೂಡುವ ಬಂಡವಾಳ ಬೇಕು. ಬೆಳೆಯುವ ಅವಸರದಲ್ಲಿದ್ದ ಕಂಪನಿಯ ಬಂಡವಾಳ ಹೊಸ ಹೊಸ ಶೀರ್ಷಿಕೆಗಳಿಗೆ ಹೋಗುತ್ತಿತ್ತು.

ಆರ್ಡರ್ ಪದ್ಧತಿಯಲ್ಲಿ ಇನ್ನೊಂದು ಬಲೆ ಇದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೊದಲ ಸಂಚಿಕೆ ಎಷ್ಟು ಮಾರಿತು ಎಂದು ಅಂಗಡಿಗೆ ತಿಳಿಯುವ ಹೊತ್ತಿಗೆ ಎರಡು ಮತ್ತು ಮೂರನೆಯದಕ್ಕೆ ಆರ್ಡರ್ ಹೋಗಿಯಾಗಿರುತ್ತದೆ. ಹಾಗಾಗಿ ಮೊದಲ ಮೂರು ಸಂಚಿಕೆಗಳ ಸಂಖ್ಯೆ ಬರೀ ಆಸೆಯ ಸಂಖ್ಯೆ. ನಿಜವಾದ ಸಂಖ್ಯೆ ಕಾಣುವುದು ನಾಲ್ಕನೆಯದರಲ್ಲಿ, ಅದೂ ದಿಢೀರನೆ. ಮೊದಲ ಮೂರನ್ನು ನಂಬಿ ಗುಮಾಸ್ತರನ್ನು ಸೇರಿಸಿಕೊಂಡವನು ನಾಲ್ಕರಲ್ಲಿ ಸಿಕ್ಕಿಬೀಳುತ್ತಾನೆ.

ಇಷ್ಟರಲ್ಲಿ ದೊಡ್ಡವರೂ ಸುಮ್ಮನಿರಲಿಲ್ಲ. 1981ರಲ್ಲೇ ಮಾರ್ವೆಲ್ ‘ಡ್ಯಾಜ್ಲರ್’ನ ಮೊದಲ ಸಂಚಿಕೆಯನ್ನು ಕಾಮಿಕ್ಸ್ ಅಂಗಡಿಗಳಿಗೆ ಮಾತ್ರ ಕೊಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿತ್ತು. 1982ರಲ್ಲಿ ಎಪಿಕ್ ಎಂಬ ವಿಭಾಗ ತೆರೆದು ಅಲ್ಲಿ ಕಲಾವಿದರಿಗೆ ಹಕ್ಕು ಬಿಟ್ಟುಕೊಡತೊಡಗಿತು. ಪೆಸಿಫಿಕ್‌ನ ಕೈಲಿದ್ದ ಒಂದೇ ತುರುಪು ಎಲೆ ಈಗ ಎದುರಾಳಿಯ ಕೈಯಲ್ಲೂ ಇತ್ತು. ಚಿಕಾಗೊ ಬಳಿ ಫಸ್ಟ್ ಕಾಮಿಕ್ಸ್ ಎಂಬ ಹೊಸ ಕಂಪನಿ ಹುಟ್ಟಿತು. ಪೆಸಿಫಿಕ್‌ನಲ್ಲಿ ಆರು ಸಂಚಿಕೆ ಬಂದಿದ್ದ ಮೈಕ್ ಗ್ರೆಲ್ ಅವರ ‘ಸ್ಟಾರ್‌ಸ್ಲೇಯರ್’ ಏಳನೆಯದರಿಂದ ಅಲ್ಲಿಗೆ ನಡೆಯಿತು. ಅಂಗಡಿಯ ಕಪಾಟು ಅಷ್ಟೇ ಅಗಲ, ಗಿರಾಕಿಯ ಜೇಬು ಅಷ್ಟೇ ಆಳ, ಪುಸ್ತಕಗಳು ಮಾತ್ರ ತಿಂಗಳು ತಿಂಗಳು ಹೆಚ್ಚಾದವು. 1984ರಲ್ಲಿ ಪೆಸಿಫಿಕ್ ನಿಂತುಹೋಯಿತು. ಅದರ ವಿತರಣಾ ಜಾಲವನ್ನು ಬಡ್ ಪ್ಲಾಂಟ್ ಮತ್ತು ಕ್ಯಾಪಿಟಲ್ ಸಿಟಿ ಎಂಬ ಬೇರೆ ವಿತರಕರು ಹಂಚಿಕೊಂಡರು.

ಪ್ರಶ್ನೆ: ಕಂಪನಿ ಮುಳುಗಿದಾಗ ಪಾತ್ರಗಳೂ ಮುಳುಗಿದವೆ? (ಶಿರಸಿಯ ಓದುಗರು)

ಇಲ್ಲ. ಪೆಸಿಫಿಕ್ ಬರೆದುಕೊಟ್ಟಿದ್ದ ಕರಾರಿನ ನಿಜವಾದ ಬೆಲೆ ಗೊತ್ತಾದದ್ದೇ ಆಗ.

ಸರ್ಗಿಯೊ ಅರಗೊನೆಸ್ ಅವರ ‘ಗ್ರೂ’ ಎಂಬ ಮೊದ್ದು ಕತ್ತಿವೀರನನ್ನು ತೆಗೆದುಕೊಳ್ಳಿ. ಹಕ್ಕು ಬಿಟ್ಟುಕೊಡಲು ಅರಗೊನೆಸ್ ಒಪ್ಪದ ಕಾರಣ ಆ ಪಾತ್ರ ವರ್ಷಗಟ್ಟಲೆ ಪ್ರಕಾಶಕರಿಲ್ಲದೆ ಕಾದಿತ್ತು. ಪೆಸಿಫಿಕ್‌ನಲ್ಲಿ 1982ರಿಂದ 1984ರವರೆಗೆ ಎಂಟು ಸಂಚಿಕೆ ಬಂತು. ಕಂಪನಿ ಹೋಯಿತು, ಗ್ರೂ ಎಕ್ಲಿಪ್ಸ್ ಎಂಬ ಇನ್ನೊಂದು ಸಣ್ಣ ಕಂಪನಿಯಲ್ಲಿ ಒಂದು ವಿಶೇಷ ಸಂಚಿಕೆ ಮಾಡಿ, 1985ರಲ್ಲಿ ಮಾರ್ವೆಲ್‌ನ ಎಪಿಕ್‌ಗೆ ಹೋಗಿ ಅಲ್ಲಿ 120 ಸಂಚಿಕೆ ಓಡಿದ. ಆಮೇಲೆ ಇಮೇಜ್, ಆಮೇಲೆ ಡಾರ್ಕ್ ಹಾರ್ಸ್. ಕಥೆಯಲ್ಲಿ ಗ್ರೂ ಹತ್ತಿದ ಹಡಗು ಮುಳುಗಿಯೇ ತೀರುತ್ತದೆ. ಅವನನ್ನು ಪ್ರಕಟಿಸಿದ ಕಂಪನಿಯದೂ ಅದೇ ಪಾಡು ಎಂಬ ತಮಾಷೆ ಅಲ್ಲಿಯ ಕಾಮಿಕ್ಸ್ ವಲಯದಲ್ಲಿ ಹಳೆಯದು.

ಡೇವ್ ಸ್ಟೀವನ್ಸ್ ಅವರ ‘ರಾಕೆಟಿಯರ್’ ಹುಟ್ಟಿದ ಬಗೆಯಂತೂ ಅಚ್ಚುಮನೆಯವರಿಗೆ ಇಷ್ಟವಾಗುವಂಥದು. ಕಾಮಿಕ್ಸಿನ ಒಳಪುಟ 32 ಎಂದರೆ 32. ಹಾಳೆ ಮಡಿಚಿದಾಗ ಅಷ್ಟೇ ಆಗುವುದು, ಕಥೆ 26 ಪುಟಕ್ಕೆ ಮುಗಿಯಿತೆಂದು ಆರು ಪುಟ ಕತ್ತರಿಸಿ ಹಾಕುವಂತಿಲ್ಲ. ‘ಸ್ಟಾರ್‌ಸ್ಲೇಯರ್’ ಎರಡನೆಯ ಸಂಚಿಕೆಯಲ್ಲಿ ತುಂಬಬೇಕಾದ ಪುಟಗಳು ಉಳಿದವು. ಅದನ್ನು ತುಂಬಲು ಸ್ಟೀವನ್ಸ್‌ಗೆ ಹೇಳಿದರು. ಬೆನ್ನಿಗೆ ರಾಕೆಟ್ ಕಟ್ಟಿಕೊಂಡು ಹಾರುವ 1938ರ ಕಾಲದ ಪೈಲಟ್ಟಿನ ಕಥೆ ಹೀಗೆ ಪುಟ ತುಂಬಿಸಲೆಂದು ಶುರುವಾಯಿತು. ಹಕ್ಕು ಸ್ಟೀವನ್ಸ್‌ರ ಹತ್ತಿರವೇ ಇತ್ತು. 1991ರಲ್ಲಿ ಡಿಸ್ನಿ ಅದನ್ನು ಸಿನಿಮಾ ಮಾಡಿತು.

ಪ್ರಶ್ನೆ: ಎಕ್ಲಿಪ್ಸ್ ಕೂಡ ಹೀಗೇ ಮುಳುಗಿತೆ? (ಬೆಂಗಳೂರಿನ ಓದುಗರು)

ಹೀಗೇ ಅಲ್ಲ. ಪೆಸಿಫಿಕ್ ಬಿಟ್ಟುಹೋದ ಹಲವು ಶೀರ್ಷಿಕೆಗಳನ್ನು ಎತ್ತಿಕೊಂಡ ಎಕ್ಲಿಪ್ಸ್ ಇನ್ನೂ ಹತ್ತು ವರ್ಷ ಬಾಳಿತು. 1986ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ರಷ್ಯನ್ ನದಿ ಉಕ್ಕಿ ಹರಿದು ಗರ್ನ್‌ವಿಲ್‌ನಲ್ಲಿದ್ದ ಅದರ ಹಳೆಯ ಸಂಚಿಕೆಗಳ ದಾಸ್ತಾನು ಕೊಚ್ಚಿಹೋಯಿತು. ಹಳೆಯ ಸಂಚಿಕೆ ಎಂದರೆ ಖರ್ಚೆಲ್ಲ ಮುಗಿದು ಪೂರ್ತಿ ಲಾಭ ತರುವ ಮಾಲು, ಅದೇ ಹೋಯಿತು. ಆದರೂ 1987ರಲ್ಲಿ ವಿಜ್ ಎಂಬ ಪ್ರಕಾಶನದ ಜೊತೆ ಸೇರಿ ಜಪಾನಿ ಕಾಮಿಕ್ಸ್ ಆದ ಮಾಂಗಾಗಳನ್ನು ಇಂಗ್ಲಿಷಿಗೆ ತಂದ ಮೊದಲಿಗರಲ್ಲಿ ಅದೂ ಒಂದು. ಕೊನೆಗೆ ಬಾಕಿ, ದಾವೆ, ದಿವಾಳಿ. 1996ರಲ್ಲಿ ಅದರ ಆಸ್ತಿಯನ್ನು ಕಾಮಿಕ್ಸ್ ಕಲಾವಿದ ಟಾಡ್ ಮೆಕ್‌ಫಾರ್ಲೇನ್ 25,000 ಡಾಲರಿಗೆ ಕೊಂಡರು. ಅದರಲ್ಲಿ ಎಕ್ಲಿಪ್ಸ್ ಪ್ರಕಟಿಸುತ್ತಿದ್ದ ‘ಮಿರಾಕಲ್‌ಮ್ಯಾನ್’ ಎಂಬ ಪಾತ್ರದ ಹಕ್ಕು ಸೇರಿತ್ತೋ ಇಲ್ಲವೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2009ರಲ್ಲಿ ಮಾರ್ವೆಲ್ ಆ ಪಾತ್ರದ ಮೂಲ ಕರ್ತೃ ಬ್ರಿಟನ್ನಿನ ಮಿಕ್ ಆಂಗ್ಲೊ ಅವರಿಂದಲೇ ಹಕ್ಕು ಪಡೆಯಿತು. ಗ್ರೂನ ಕರಾರು ಒಂದೇ ಸಾಲಿನದು, ಇದರದು ಗೋಜಲು. ವ್ಯತ್ಯಾಸ ಅಲ್ಲಿದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು 32 ಪುಟದ ಬಣ್ಣದ ಕನ್ನಡ ಕಾಮಿಕ್ಸ್ ತರಬೇಕೆಂದಿದ್ದೇವೆ. ಅಚ್ಚಿನಲ್ಲಿ, ವ್ಯವಹಾರದಲ್ಲಿ ಎಲ್ಲಿ ಎಡವುತ್ತೇವೆ? (ಧಾರವಾಡದ ಓದುಗರು)

ಎಡವುವ ಮೊದಲ ಜಾಗ ಅಕ್ಷರ. ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತ ಚಿತ್ರಕಾರರು ಮಾತಿನ ಗುಳ್ಳೆಯನ್ನು ಆ ಅಳತೆಗೇ ಬರೆಯುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದವು, ಸಾಲಿನ ಕೆಳಗೆ ಏನೂ ಇಳಿಯದು. ಕನ್ನಡದಲ್ಲಿ ‘ಸ್ತ್ರೀ’, ‘ಕ್ಷ್ಮಿ’, ‘ರಾಷ್ಟ್ರ’ ಬಂದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಅಳತೆ 9 ಪಾಯಿಂಟ್ ಇದ್ದರೆ ಸಾಲಿನ ಅಂತರ 13ಕ್ಕೆ ಕಡಿಮೆ ಬೇಡ. ಕನ್ನಡದ ಪದಗಳು ಉದ್ದ ಬೇರೆ. ‘ಹೋಗಬೇಕಾಗಿತ್ತಲ್ಲವೆ’ ಎಂಬುದು ಒಂದೇ ಪದ, ಅದನ್ನು ಸಾಲಿನ ಕೊನೆಯಲ್ಲಿ ಮುರಿದರೆ ಓದು ಕುಂಟುತ್ತದೆ. ಆದ್ದರಿಂದ ಗುಳ್ಳೆ ಎತ್ತರಕ್ಕಿಂತ ಅಗಲ ಹೆಚ್ಚಿರಲಿ. ಚಿತ್ರಕ್ಕೆ ಇಂಕ್ ಹಾಕುವ ಮೊದಲೇ ಪೆನ್ಸಿಲ್ ಪುಟದ ಮೇಲೆ ಮಾತು ಕೂರಿಸಿ ನೋಡಿ. ಆಮೇಲೆ ನೋಡಿದರೆ ಗುಳ್ಳೆ ದೊಡ್ಡದು ಮಾಡಲು ಯಾರದೋ ತಲೆ ಮುಚ್ಚಬೇಕಾಗುತ್ತದೆ.

ಅಕ್ಷರ ಕೂರಿಸುವುದು ಯೂನಿಕೋಡ್ ಫಾಂಟಿನಲ್ಲೇ ಆಗಲಿ. ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಕನ್ನಡ ಸರಿಯಾಗಿ ಕೂಡಿಕೊಳ್ಳಬೇಕಾದರೆ ಭಾರತೀಯ ಭಾಷೆಗಳಿಗೂ ಹೊಂದುವ ಕಂಪೋಸರನ್ನು (ಇನ್‌ಡಿಸೈನ್‌ನಲ್ಲಿ ಇದರ ಹೆಸರು ‘ವರ್ಲ್ಡ್ ರೆಡಿ’) ಆನ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿ ಬರೆದಿಟ್ಟ ಸ್ಕ್ರಿಪ್ಟನ್ನು ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವೊತ್ತು, ‘ಕೊ-ಕೋ’ಗಳ ದೀರ್ಘ ತಪ್ಪುವ ಸಂಭವ ಹೆಚ್ಚು, ಕರಡು ತಿದ್ದುವಾಗ ಅವನ್ನೇ ಹುಡುಕಿ.

ಎರಡನೆಯದು ಕಪ್ಪು. ಅಕ್ಷರಗಳೂ ಗೆರೆಗಳೂ ಕಪ್ಪು ಮಸಿಯೊಂದರಲ್ಲೇ, ಶೇ 100 ಕಪ್ಪಿನಲ್ಲಿ, ಬಣ್ಣದ ಮೇಲೆ ಓವರ್‌ಪ್ರಿಂಟ್ ಆಗುವಂತೆ, ಅಂದರೆ ಕೆಳಗಿನ ಬಣ್ಣವನ್ನು ಕತ್ತರಿಸದೆ ಅದರ ಮೇಲೇ ಅಚ್ಚಾಗುವಂತೆ ಇರಲಿ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆಂದು ಆರ್‌ಜಿಬಿ (ಪರದೆಯ ಬಣ್ಣಪದ್ಧತಿ) ಕಪ್ಪಿನಲ್ಲಿ ಬಿಟ್ಟರೆ ಅದು ನಾಲ್ಕು ಮಸಿಗೆ ಹಂಚಿಹೋಗುತ್ತದೆ. ಯಂತ್ರದಲ್ಲಿ ಪ್ಲೇಟು ಕೂದಲೆಳೆ ಸರಿದರೂ ಸಾಕು, ಒಂದೊಂದು ಅಕ್ಷರಕ್ಕೂ ಕೆಂಪು-ನೀಲಿ ನೆರಳು ಬೀಳುತ್ತದೆ. ಗೆರೆಯ ಚಿತ್ರವನ್ನು 600 ಡಿಪಿಐಗೆ ಕಡಿಮೆ ಸ್ಕ್ಯಾನ್ ಮಾಡಬೇಡಿ, ಬಣ್ಣಕ್ಕೆ 300 ಸಾಕು.

ಪುಟಗಳ ಲೆಕ್ಕ: 16 ಪುಟದ ಎರಡು ಫಾರಂ (ಮಡಿಚಿದ ದೊಡ್ಡ ಹಾಳೆ), ಮೇಲೆ ನಾಲ್ಕು ಪುಟದ ರಕ್ಷಾಪುಟ, ಬೆನ್ನಿಗೆ ಎರಡು ಪಿನ್. ಒಳಗೆ 90 ಅಥವಾ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಕಾಗದ, ಹೊರಗೆ 200ರ ಆಸುಪಾಸು. ಮ್ಯಾಪ್‌ಲಿಥೊ ಎಂಬ ಲೇಪವಿಲ್ಲದ ಕಾಗದ ಮಸಿ ಹೀರುತ್ತದೆ, ರಾತ್ರಿಯ ದೃಶ್ಯಗಳು ಇದ್ದಿಲಾಗುತ್ತವೆ. ಅದರಲ್ಲಿ ಹಾಕುವುದಾದರೆ ಬಣ್ಣಗಳನ್ನು ಪರದೆಯಲ್ಲಿ ತುಸು ಪೇಲವ ಎನಿಸುವಷ್ಟು ತಿಳಿ ಮಾಡಿ ಕೊಡಿ. ಮಡಿಕೆಯೊಳಗೆ ಮಡಿಕೆ ಸೇರುವುದರಿಂದ ನಡುವಿನ ಪುಟಗಳು ಹೊರಕ್ಕೆ ತಳ್ಳಿಕೊಂಡು, ಅಂಚು ಕತ್ತರಿಸುವಾಗ ಒಂದು ಮಿಲಿಮೀಟರಿನಷ್ಟು ಹೆಚ್ಚು ಕಳೆದುಕೊಳ್ಳುತ್ತವೆ. ಚಿತ್ರ ಅಂಚಿನಾಚೆ 3 ಮಿ.ಮೀ. ಹರಡಿರಲಿ, ಮಾತು ಮತ್ತು ಪುಟಸಂಖ್ಯೆ ಅಂಚಿನಿಂದ ಕನಿಷ್ಠ 8 ಮಿ.ಮೀ. ಒಳಗಿರಲಿ. ಅಚ್ಚಿಗೆ ಕೊಡುವ ಮೊದಲು ಬಿಳಿ ಹಾಳೆಗಳನ್ನು ಮಡಿಚಿ, ಪಿನ್ ಹೊಡೆದು, ಪೆನ್ನಿನಲ್ಲಿ ಪುಟಸಂಖ್ಯೆ ಬರೆದು ಒಂದು ಡಮ್ಮಿ ಮಾಡಿಕೊಳ್ಳಿ. ಎಡ-ಬಲ ಪುಟ ಸೇರಿಸಿ ಬರೆದ ದೊಡ್ಡ ಚಿತ್ರ ನಿಜಕ್ಕೂ ಎದುರುಬದುರು ಬರುತ್ತದೋ, ಹಾಳೆ ತಿರುವಿದ ಮೇಲೆ ಬರುತ್ತದೋ ಎಂಬುದು ಅದರಲ್ಲೇ ಗೊತ್ತಾಗುವುದು.

ವ್ಯವಹಾರದಲ್ಲಿ ಪೆಸಿಫಿಕ್ ತಪ್ಪಿದ ಕಡೆ ನೀವು ತಪ್ಪಬೇಡಿ. ಮೂರು ಸಂಚಿಕೆ ಕೈಯಲ್ಲಿಲ್ಲದೆ ‘ಮಾಸಿಕ’ ಎಂದು ಮುಖಪುಟದಲ್ಲಿ ಹಾಕಬೇಡಿ. ಆಗದಿದ್ದರೆ ಕಥೆ ಅದೇ ಸಂಚಿಕೆಯಲ್ಲಿ ಮುಗಿಯಲಿ. ಪ್ರತಿ ಅಂಗಡಿಗೂ ಉದ್ರಿಗೆ ಒಂದು ಮಿತಿ ಇರಲಿ: ಹಿಂದಿನ ಸಂಚಿಕೆಯ ಬಾಕಿ ಬಾರದೆ ಮುಂದಿನದು ಇಲ್ಲ, ಅಂಗಡಿಯವರು ಸ್ನೇಹಿತರೇ ಆದರೂ. ‘ಮಾರಿದರೆ ಹಣ, ಉಳಿದರೆ ವಾಪಸ್’ ಎಂದು ಇಟ್ಟುಬರುವುದಾದರೆ ಎಷ್ಟು ಪ್ರತಿ, ಯಾವ ದಿನ, ಯಾರಿಗೆ ಎಂದು ಬರೆದು ಸಹಿ ಪಡೆಯಿರಿ. ಆ ಪ್ರತಿಗಳು ಮಾರಾಟವಾಗುವವರೆಗೆ ನಿಮ್ಮವೇ ಎಂಬ ಸಾಲು ಅದರಲ್ಲಿ ಇರಲೇಬೇಕು.

ಆ ಒಂದು ಸಾಲು ಎಷ್ಟು ಮುಖ್ಯ ಎಂಬುದಕ್ಕೆ ಪೆಸಿಫಿಕ್‌ನ ನಂಟಿನದೇ ಉದಾಹರಣೆ ಇದೆ. ಕಂಪನಿ ಮುಚ್ಚಿದ ಮೇಲೆ ಬಿಲ್ ಶೇನ್ಸ್ ಸೇರಿದ್ದು ಡೈಮಂಡ್ ಎಂಬ ವಿತರಣಾ ಸಂಸ್ಥೆಗೆ. ಮುಂದೆ ಅದು ಅಮೆರಿಕದ ಕಾಮಿಕ್ಸ್ ವಿತರಣೆಯನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿದುಕೊಂಡಿತು. ಆ ಡೈಮಂಡೇ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಮಿಸಿಸಿಪ್ಪಿಯ ಅದರ ಗೋದಾಮಿನಲ್ಲಿ ಸಣ್ಣ ಪ್ರಕಾಶಕರು ‘ಮಾರಿದರೆ ಹಣ’ ಲೆಕ್ಕದಲ್ಲಿ ಇಟ್ಟಿದ್ದ ಪುಸ್ತಕಗಳು ಸಿಕ್ಕಿಕೊಂಡವು. ಮಾಲು ನಮ್ಮದು ಎಂದು ಸರ್ಕಾರಿ ದಫ್ತರದಲ್ಲಿ ಮುಂಚೆ ನೋಂದಣಿ ಮಾಡಿಸದಿದ್ದರೆ ಅದೂ ಡೈಮಂಡಿಗೆ ಸಾಲ ಕೊಟ್ಟವರ ಪಾಲು ಎಂಬ ವಾದ ಕೋರ್ಟಿನಲ್ಲಿ ಎದ್ದಿತು. ನಮ್ಮ ಕಾನೂನು ಬೇರೆ, ಆದರೆ ಬಾಯಿಮಾತಿನಲ್ಲಿ ಇಟ್ಟುಬಂದ ಮಾಲಿನ ತಲೆನೋವು ಎಲ್ಲ ಕಡೆ ಒಂದೇ.

ನಿಮ್ಮ ನಾಲ್ವರ ನಡುವಿನ ಕರಾರನ್ನೂ ಈಗಲೇ, ಸ್ನೇಹ ಗಟ್ಟಿಯಿರುವಾಗಲೇ ಬರೆದಿಡಿ. ಪಾತ್ರ ಯಾರದು, ಒಬ್ಬರು ಬಿಟ್ಟುಹೋದರೆ ಉಳಿದವರು ಮುಂದುವರಿಸಬಹುದೇ, ಎಷ್ಟು ತಿಂಗಳು ಪುಸ್ತಕ ಬಾರದಿದ್ದರೆ ಹಕ್ಕು ಬರೆದವರಿಗೆ ಮರಳುತ್ತದೆ: ಈ ಮೂರು ಸಾಲು ಸಾಕು.

ಪ್ರಶ್ನೆ: ಅಮರ ಚಿತ್ರಕಥೆಯ ‘ಕೃಷ್ಣ’ ಮೊದಲ ಪುಸ್ತಕ ಅನ್ನುತ್ತಾರೆ, ಹಳೆಯ ಪ್ರತಿಯಲ್ಲಿ ಸಂಖ್ಯೆ 11 ಎಂದಿದೆ. ಅಚ್ಚಿನ ತಪ್ಪೇ? (ಕಾರ್ಕಳದ ಓದುಗರು)

ತಪ್ಪಲ್ಲ. ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಜನಪ್ರಿಯ ಕಥೆಗಳಿಗೆ ಹೋಗಿದ್ದವು, ಅವು ಬಂದದ್ದು ಕನ್ನಡದಲ್ಲಿ. 1965ರ ಸುಮಾರಿಗೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಆದ ಕೆಲಸ ಅದು. ಭಾರತದ ಕಥೆಗಳನ್ನು ಹಿಡಿದು ಅನಂತ ಪೈ ಮುಂದುವರಿಸಿದಾಗ ಸಂಖ್ಯೆ 11ರಿಂದ ನಡೆಯಿತು. ಪೈ ನಿಮ್ಮ ಊರಿನವರೇ, 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಆ ಮೊದಲ ಹತ್ತರಲ್ಲಿ ಯಾವುದಾದರೂ ಕನ್ನಡ ಪ್ರತಿ ನಿಮ್ಮ ಅಟ್ಟದ ಮೇಲಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ. ಕರಾವಳಿಯ ತೇವಕ್ಕೆ ಒಳಗೇ ಬೂಸು ಹಿಡಿಯುತ್ತದೆ. ತುಕ್ಕು ಹಿಡಿದ ಪಿನ್ ಮೆಲ್ಲನೆ ಬಿಡಿಸಿ ತೆಗೆದು, ಬಿಳಿ ಹತ್ತಿದಾರದಲ್ಲಿ ಅದೇ ತೂತುಗಳಲ್ಲಿ ಹೊಲಿದು, ಮಟ್ಟಸವಾಗಿ ಮಲಗಿಸಿಡಿ.